ದೊಡ್ಡಪ್ಪನ ರೈಫಲ್ಲಿಗೆ ರಿಮೋಟ್ ಸಪೋರ್ಟ್

ದೂರದಿಂದ ರಿಪೇರಿ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬವಲ್ಲ, ಅದೇ ನನ್ನ ಹೊಟ್ಟೆಪಾಡು. ಮಲೇಷಿಯಾದ ಸೈಬರ್‌ಜಯಾ ಎಂಬ ಊರಿನ ಒಂದು ಕಂಪನಿಯಲ್ಲಿ ಕೂತುಕೊಂಡು, ಯಾವುದೋ ದೇಶದ ಯಾವುದೋ ಆಫೀಸಿನಲ್ಲಿ ಮಲಗಿಬಿಟ್ಟ ಕಂಪ್ಯೂಟರನ್ನು ಮುಟ್ಟದೆ, ಮೂಸದೆ, ಬರೀ ಬಾಯಿಮಾತಿನಿಂದ ಎಬ್ಬಿಸಿ ಕೂರಿಸುವವನು ನಾನು. ಕೊರೋನಾ ಬಂದ ಮೇಲಂತೂ ಇಡೀ ಜಗತ್ತೇ ನನ್ನ ದಾರಿಗೆ ಬಂತು. ಡಾಕ್ಟರು ದೂರದಿಂದ, ಮೇಷ್ಟ್ರು ದೂರದಿಂದ, ಗಣಹೋಮ ದೂರದಿಂದ! ಮನುಷ್ಯರು ಹತ್ತಿರ ಬರುವ ಅಗತ್ಯವೇ ಇಲ್ಲವೆಂದು ನಾನು ಮೊದಲಿನಿಂದ ಹೇಳುತ್ತಿದ್ದೆ. ಈಗ ಸರ್ಕಾರಗಳೇ ಒಪ್ಪಿಕೊಂಡಿದ್ದವು.

ಹಾಗಿರುವಾಗ, ಆ ಮೊದಲ ವರ್ಷದ ಆಗಸ್ಟ್ ಕೊನೆಯಲ್ಲಿ, ಕೊಡಗಿನಿಂದ ನನ್ನ ದೊಡ್ಡಪ್ಪನ ಮಗ ಪೂಣಚ್ಚ ವೀಡಿಯೊ ಕಾಲ್ ಮಾಡಿದ.

"ಸೋಮು, ಅಪ್ಪನ ರೈಫಲಿನ ಬೋಲ್ಟು ಹಿಡ್ಕೊಂಡುಬಿಟ್ಟಿದೆ. ಕಾಲು ಕೊಟ್ಟು ಎಳೆದ್ರೆ ಮಾತ್ರ ಬರ್ತದೆ. ಕೈಲ್ ಮುಹೂರ್ತ ಹತ್ತಿರ ಬಂತು, ಕೋವಿ ಪೂಜೆಗೆ ಇಡ್ಬೇಕು. ಕೋವಿ ರಿಪೇರಿಯ ಮೇಸ್ತ್ರಿ ಲಾಕ್‌ಡೌನ್ ಅಂತ ಮೈಸೂರಿಗೆ ಹೋದವ ಬರ್ಲೇ ಇಲ್ಲ. ಎಂತ ಮಾಡೋದು?"

ನಾನು ನಕ್ಕೆ. ಮೂರು ಖಂಡಗಳ ಸರ್ವರ್‌ಗಳನ್ನು ಎಬ್ಬಿಸಿದವನಿಗೆ ಒಂದು ಕಬ್ಬಿಣದ ಚಿಲಕ!

"ಅದೆಂತ ದೊಡ್ಡ ವಿಷಯ ಪೂಣಚ್ಚ? ನಾನಿದ್ದೀನಲ್ಲ" ಎಂದೆ.

ಅಡುಗೆಮನೆಯಿಂದ ನನ್ನ ಹೆಂಡತಿ ಶಾಲಿನಿ ಇಣುಕಿದಳು. ಉಡುಪಿಯವಳು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವಳು. "ನಮ್ಮ ಬಾತ್‌ರೂಮಿನ ಹೀಟರಿಗೂ ನೀವು ಇದನ್ನೇ ಹೇಳಿದ್ದು ಮಾರಾಯ್ರೆ. ಇವತ್ತಿಗೂ ತಣ್ಣೀರೇ ಗತಿ" ಎಂದಳು. ಅವಳ ಮರ್ಯಾದೆಗೆಂದೇ ನಮ್ಮ ಕಡೆಯವರು ಮನೆಮಾತಾದ ಕೊಡವ ತಕ್ಕನ್ನು ಬಿಟ್ಟು ನಮ್ಮ ಜೊತೆ ಕನ್ನಡ ಮಾತಾಡುತ್ತಾರೆ. ಅವಳು ಮಾತ್ರ ನನ್ನ ಮರ್ಯಾದೆಯನ್ನು ಯಾವ ಭಾಷೆಯಲ್ಲೂ ಉಳಿಸಿದವಳಲ್ಲ.

ಈ ರೈಫಲಿನ ಬಗ್ಗೆ ಎರಡು ಮಾತು ಹೇಳಬೇಕು. ದೊಡ್ಡಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಮಹಾಯುದ್ಧದ ಕಾಲದ ಆ ರೈಫಲನ್ನು ಮಿಲಿಟರಿಯವರು ಹಳತಾಯಿತೆಂದು ವಿಲೇವಾರಿಗೆ ಹಾಕಿದಾಗ, "ನನ್ನನ್ನೂ ಹೀಗೇ ಹಳತಾಯ್ತು ಅಂತ ಮನೆಗೆ ಕಳಿಸಿದ್ದು. ಇಬ್ರೂ ಒಟ್ಟಿಗೆ ಇರ್ತೇವೆ" ಎಂದು ಹೇಳಿ ಕೊಂಡು ತಂದವರು. ಬೋಲ್ಟು ಎಂದರೆ ಅದರ ಹಿಂಬಾಗಿಲಿನ ಚಿಲಕ. ಹಿಂದಕ್ಕೆಳೆದರೆ ಸುಟ್ಟ ತೋಟಾದ ಖಾಲಿ ಹಿತ್ತಾಳೆ ಕೊಳವೆ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಕೂರುತ್ತದೆ. ಬೋಲ್ಟು ಬರಲಿಲ್ಲವೆಂದರೆ ಎರಡನೆಯ ಗುಂಡಿಲ್ಲ.

ಆ ಎರಡನೆಯ ಗುಂಡು ನಮಗೆ ಮುಖ್ಯ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಫೋನು ಬರುವುದಕ್ಕೆ ಎಷ್ಟೋ ಮುಂಚಿನಿಂದ ಊರಿಗೆ ಸುದ್ದಿ ತಿಳಿಯುತ್ತಿದ್ದುದು ಹೀಗೆ. ಒಂದು ಕೇಳಿದರೆ ಜನ ಬೆಲ್ಲ ಹುಡುಕುತ್ತಾರೆ, ಎರಡು ಕೇಳಿದರೆ ಬಿಳಿ ಬಟ್ಟೆ ಹುಡುಕುತ್ತಾರೆ.

ಪೂಣಚ್ಚನ ಕೈಯಿಂದ ಫೋನು ಕಿತ್ತುಕೊಂಡು ದೊಡ್ಡಪ್ಪ ಪರದೆ ತುಂಬ ಬಂದರು. ಒಂದು ಕಿವಿ, ಅರ್ಧ ಮೀಸೆ ಕಾಣುತ್ತಿತ್ತು.

"ಸೋಮು, ನನ್ನ ಗುಂಡು ಇದ್ರಲ್ಲೇ ಆಗ್ಬೇಕು. ಎರಡೂ. ಪಕ್ಕದ ಮನೆಯ ಕೋವಿ ಕೇಳಿ ತಂದು ಹೊಡಿಸ್ಬೇಡಿ ನಂಗೆ."

"ಈಗ್ಯಾಕೆ ದೊಡ್ಡಪ್ಪ ಆ ಮಾತು? ನೀವಿನ್ನೂ..."

"ಎಂಬತ್ತನಾಲ್ಕು ಆಯ್ತು. ಲೆಕ್ಕ ನಂಗೂ ಬರ್ತದೆ. ಸರಿ ಮಾಡಿಸ್ತೀಯೋ ಇಲ್ವೋ? ಮಾತು ಕೊಡು."

ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು, ಓದಿಸಿದವರು ಅವರು. ಇಷ್ಟು ವರ್ಷದಲ್ಲಿ ನನ್ನಿಂದ ಅವರು ಏನನ್ನೂ ಕೇಳಿದವರಲ್ಲ. ಕೇಳಿದ್ದು ಇದೊಂದೇ. ನಾನು ಎದೆ ಮುಟ್ಟಿಕೊಂಡು ಮಾತು ಕೊಟ್ಟೆ.

ಮರುದಿನವೇ ಅಧಿಕೃತವಾಗಿ ಕೆಲಸ ಶುರು ಮಾಡಿದೆ. ಮೊದಲು ಇಂಟರ್ನೆಟ್ಟಿನಲ್ಲಿ ಸಂಶೋಧನೆ. ಹಳೆಯ ಮಿಲಿಟರಿ ಕೋವಿಗಳನ್ನು ಗೋದಾಮಿನಲ್ಲಿಡುವಾಗ ದಪ್ಪ ಗ್ರೀಸು ಬಳಿಯುತ್ತಾರೆ, ಅದು ಮೂಲೆಮೂಲೆಗಳಲ್ಲಿ ಗಟ್ಟಿಯಾಗಿ ಅಂಟಾಗುತ್ತದೆ, ಅದನ್ನು ತೆಗೆದು ಎಣ್ಣೆ ಹಾಕಬೇಕು ಎಂದು ಒಂದು ಪುಟದಲ್ಲಿ ಬರೆದಿತ್ತು. ಸಮಸ್ಯೆ ಸಿಕ್ಕಿತು! ಪರಿಹಾರವೂ ಸಿಕ್ಕಿತು! ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ಪುಟದ ಕೆಳಗಿನ ಅರ್ಧದಲ್ಲಿ ಏನಿತ್ತೆಂದು ನನಗೆ ಎಂಟು ತಿಂಗಳ ಮೇಲೆ ಗೊತ್ತಾಯಿತು.

ಪೂಣಚ್ಚ ಕಾಲು ಕೊಟ್ಟು ಬೋಲ್ಟನ್ನು ಎಳೆದು, ಒಳಗೆ ತೋಟಾ ಇಲ್ಲವೆಂದು ತೋರಿಸಿ, ರೈಫಲನ್ನು ಮೇಜಿನ ಮೇಲಿಟ್ಟ. ನಾನು ಹೆಡ್‌ಫೋನು ಹಾಕಿಕೊಂಡು ಗಂಭೀರವಾಗಿ ಆದೇಶಗಳನ್ನು ಕೊಡತೊಡಗಿದೆ. ಬಿಸಿನೀರು! ಹಳೆಯ ಟೂತ್‌ಬ್ರಶ್! ಹಳೆಯ ಬನಿಯನ್ನು! ಆದರೆ ಹಿಂದಿನಿಂದ ಒಂದೇ ಸಮನೆ ಏನೋ ಗದ್ದಲ. ನನ್ನ ವೃತ್ತಿಯಲ್ಲಿ ಇಂಥದ್ದಕ್ಕೆಲ್ಲ ನಿಯಮವಿದೆ.

"ಪೂಣಚ್ಚ, ಬ್ಯಾಕ್‌ಗ್ರೌಂಡ್ ನಾಯ್ಸ್ ಜಾಸ್ತಿ ಇದೆ. ಎಲ್ಲ ತಗೊಂಡು ಅಂಗಳಕ್ಕೆ ಬಾ" ಎಂದೆ.

ಅವನು ಅಂಗಳಕ್ಕೆ ಬಂದ. ಗದ್ದಲ ನಿಂತಿತು. ಆ ಗದ್ದಲ ನನ್ನ ದೊಡ್ಡಪ್ಪನೆಂದು ಆಮೇಲೆ ತಿಳಿಯಿತು! ಜಗಲಿಯ ಕುರ್ಚಿಯಲ್ಲಿ ಕೂತು, "ಸೀಮೆಎಣ್ಣೆ ಹಾಕಿ ತಿಕ್ಕಬೇಕು, ಆಮೇಲೆ ಒರೆಸಿ ಒಣಗಿಸಬೇಕು, ತೋಟಾ ಕೂರುವ ಜಾಗದಲ್ಲಿ ಎಣ್ಣೆಯ ಪಸೆ ಇರಬಾರದು" ಎಂದು ಅವರು ಕೂಗಿ ಹೇಳುತ್ತಿದ್ದರಂತೆ. ಮಂಡಿನೋವಿನಿಂದ ಅಂಗಳಕ್ಕೆ ಇಳಿದು ಬರಲಾರದೆ ಅಲ್ಲೇ ಕೂತುಬಿಟ್ಟರಂತೆ.

"ಗ್ರೀಸೆಲ್ಲ ಹೋಯ್ತು. ಈಗೆಂತ?" ಎಂದ ಪೂಣಚ್ಚ.

"ಎಣ್ಣೆ ಹಾಕು. ಮಷೀನ್ ಎಣ್ಣೆ."

"ಅಂಗಡಿ ಬಾಗಿಲು ಹಾಕಿದೆ. ಮನೆಯಲ್ಲಿ ಹಂದಿಕೊಬ್ಬು ಉಂಟು. ಸೂರ್ಯಕಾಂತಿ ಎಣ್ಣೆ ಉಂಟು."

ಸೂರ್ಯಕಾಂತಿ ಎಣ್ಣೆ ಹೃದಯಕ್ಕೆ ಒಳ್ಳೆಯದೆಂದು ಶಾಲಿನಿ ಯಾವಾಗಲೂ ಹೇಳುತ್ತಾಳೆ. ಹೃದಯಕ್ಕೆ ಒಳ್ಳೆಯದಾದದ್ದು ಕೋವಿಗೆ ಕೆಟ್ಟದ್ದಾಗುವುದುಂಟೇ? "ಸೂರ್ಯಕಾಂತಿ! ಧಾರಾಳವಾಗಿ ಹಾಕು. ಒಳಗೆ ಎಲ್ಲ ಕಡೆ ಹೋಗ್ಬೇಕು" ಎಂದೆ. ಪೂಣಚ್ಚ ದೋಸೆಗೆ ಹಾಕುವ ಮಿಳ್ಳೆಯಲ್ಲಿ ಹಾಕಿದ. ಬೋಲ್ಟು ಜಾರಿತು! ಹಿಂದೆ, ಮುಂದೆ, ಹಿಂದೆ, ಮುಂದೆ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ. ಸೈಬರ್‌ಜಯಾದಲ್ಲಿ ನಾನು ಒಬ್ಬನೇ ಚಪ್ಪಾಳೆ ತಟ್ಟಿಕೊಂಡೆ.

ಅಷ್ಟಕ್ಕೆ ಸುಮ್ಮನಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಪೂಣಚ್ಚ ರೈಫಲನ್ನು ಹೆಗಲಿನಿಂದ ಕೆಳಗಿಳಿಸಿ, ಹೊಟ್ಟೆಗೆ ಒತ್ತಿಕೊಂಡು ಬೋಲ್ಟು ಎಳೆಯುತ್ತಿದ್ದ. ಹಾಗೆ ಎಳೆದರೆ ಎರಡು ಗುಂಡುಗಳ ನಡುವೆ ಒಂದು ಕಾಫಿ ಕುಡಿಯುವಷ್ಟು ಹೊತ್ತಾಗುತ್ತದೆ! ಹೆಗಲಿನಿಂದ ಇಳಿಸದೆಯೇ ಎಳೆಯಬೇಕೆಂದು ದೊಡ್ಡಪ್ಪ ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ನಾನು ಹೆಡ್‌ಫೋನು ತೆಗೆದು ಬಾಲ್ಕನಿಯ ಬೆಳಕಿಗೆ ಹೋಗಿ, ಫೋನನ್ನು ಹೂಕುಂಡಕ್ಕೆ ಒರಗಿಸಿ, ನನ್ನ ಉದ್ದನೆಯ ಕರಿ ಕೊಡೆಯನ್ನು ಹೆಗಲಿಗೇರಿಸಿ, ಒಂದು ಮೊಣಕಾಲೂರಿ, ಎದುರಿನ ಬ್ಲಾಕಿನ ಕಡೆ ಗುರಿಯಿಟ್ಟು ತೋರಿಸಿಕೊಟ್ಟೆ.

"ಡ್ಯಾಡಿ, ನೈಬರ್ಸ್ ಕ್ಯಾನ್ ಸೀ ಯು ಲಾ" ಎಂದು ನನ್ನ ಮಗಳು ತಾನ್ಯಾ ಒಳಗಿನಿಂದ ಹೇಳಿದಳು. ಕನ್ನಡ ಅರ್ಥವಾದರೂ ಕೊನೆಗೊಂದು 'ಲಾ' ಅಂಟಿಸಿ ಇಂಗ್ಲಿಷಿನಲ್ಲೇ ಉತ್ತರಿಸುವ ಇಲ್ಲಿನ ಮಕ್ಕಳ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಐದು ನಿಮಿಷವಾಗಿರಬಹುದು. ಶಾಲಿನಿ ಫೋನು ಹಿಡಿದು ಓಡಿ ಬಂದಳು. ಮುಖ ಬಿಳಿಚಿತ್ತು. "ರೀ, ಒಳಗೆ ಬನ್ನಿ! ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲೇ ಯಾರೋ ಬಾಲ್ಕನಿಯಲ್ಲಿ ಕೋವಿ ಹಿಡ್ಕೊಂಡು ಕೂತಿದ್ದಾನಂತೆ! ಗ್ರೂಪಿನಲ್ಲಿ ಮೆಸೇಜ್ ಬಂದಿದೆ!"

ಕೋವಿಯ ವಿಷಯದಲ್ಲಿ ಈ ದೇಶ ತಮಾಷೆ ಮಾಡುವುದಿಲ್ಲ. ಕೊಡೆ ಸಮೇತ ಒಳಗೆ ಹಾರಿ, ಬಾಗಿಲು ಹಾಕಿ, ಪರದೆ ಎಳೆದು, ಮಗಳನ್ನು ಸೋಫಾದ ಹಿಂದೆ ಕೂರಿಸಿದೆ. ಆಮೇಲೆ ಜವಾಬ್ದಾರಿಯುತ ನಿವಾಸಿಯಾಗಿ ಶಾಲಿನಿಯ ಫೋನಿನಿಂದಲೇ ಕಾಂಡೋ ಗ್ರೂಪಿನಲ್ಲಿ ದಪ್ಪಕ್ಷರದಲ್ಲಿ ಬರೆದೆ: ಏನು ಕಾಯುತ್ತಿದ್ದೀರಿ? ಕೂಡಲೇ ಪೊಲೀಸರನ್ನು ಕರೆಯಿರಿ! ಇಂಥವರನ್ನು ಸುಮ್ಮನೆ ಬಿಡಬಾರದು!

ಹದಿನೆಂಟು ಜನ ಅದಕ್ಕೆ ಹೆಬ್ಬೆರಳೆತ್ತಿದರು.

ಪೊಲೀಸರು ನೇರವಾಗಿ ನಮ್ಮ ಮನೆ ಬಾಗಿಲಿಗೆ ಬಂದರು. ಇಬ್ಬರು, ಮಾಸ್ಕಿನ ಮೇಲೆ ಪ್ಲಾಸ್ಟಿಕ್ ಮುಖಗವಚ. ಅವರ ಹಿಂದೆ ಕಾಂಡೋದ ಸೆಕ್ಯುರಿಟಿ. ಅವನ ಹಿಂದೆ, ಸರಿಯಾಗಿ ಒಂದು ಮೀಟರ್ ಅಂತರ ಕಾಯ್ದುಕೊಂಡು, ಎದುರು ಬ್ಲಾಕಿನ ಪರಮೇಶ್ವರಿ ಆಂಟಿ. ರಿಟೈರಾದ ತಮಿಳು ಟೀಚರು. ದೀಪಾವಳಿಗೆ ನಮಗೆ ಮುರುಕ್ಕು ಕೊಡುವವರು.

"ಇವರೇ. ನಾನೇ ನೋಡಿದೆ. ನನ್ನ ಅಡುಗೆಮನೆಗೇ ಗುರಿ ಇಟ್ಟಿದ್ರು" ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಕಡೆ ಬೆರಳು ತೋರಿಸಿದರು.

"ಮಾನಾ ಸೆನಾಪಾಂಗ್?" ಎಂದ ಸಾರ್ಜೆಂಟ್. ರೈಫಲ್ ಎಲ್ಲಿ?

ನಾನು ಎರಡೂ ಕೈಗಳಿಂದ ಕೊಡೆಯನ್ನು ಒಪ್ಪಿಸಿದೆ. ಅವನು ಅದನ್ನು ಬಿಚ್ಚಿದ. ಮುಚ್ಚಿದ. ತುದಿಯೊಳಗೆ ಇಣುಕಿದ. ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾಲ್ಕನಿಯ ಹೂಕುಂಡಕ್ಕೆ ಒರಗಿದ್ದ ನನ್ನ ಫೋನು, "ಸೋಮೂ, ಎಲ್ಲಿ ಹೋದೆ? ಈಗ ಟ್ರಿಗ್ಗರ್ ಒತ್ಲಾ?" ಎಂದು ಕೂಗಿತು!

ಸಾರ್ಜೆಂಟ್ ಫೋನನ್ನು ಎತ್ತಿ ನೋಡಿದ. ಪರದೆಯಲ್ಲಿ ಪೂಣಚ್ಚ, ಕೈಯಲ್ಲಿ ಅಪ್ಪಟ ರೈಫಲು, ನಳಿಗೆ ಕ್ಯಾಮೆರಾದ ಕಡೆಗೆ. ಸಾರ್ಜೆಂಟ್ ಅರ್ಧ ಹೆಜ್ಜೆ ಹಿಂದೆ ಸರಿದ. ಅದು ಇಂಡಿಯಾದಲ್ಲಿದೆ, ಅಲ್ಲಿ ನಮ್ಮ ಜನಕ್ಕೆ ಕೋವಿ ಇಟ್ಟುಕೊಳ್ಳಲು ಅನುಮತಿಯಿದೆ, ನಾವು ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ, ಹುಟ್ಟಿದರೂ ಗುಂಡು, ಸತ್ತರೂ ಗುಂಡು ಎಂದು ನಾನು ಮೂರು ಭಾಷೆ ಬೆರೆಸಿ ವಿವರಿಸಿದೆ. ವಿವರಿಸಿದಷ್ಟೂ ನಾನು ಹೆಚ್ಚು ಅಪಾಯಕಾರಿಯಾಗಿ ಕಾಣತೊಡಗಿದೆ. ಪರಮೇಶ್ವರಿ ಆಂಟಿ ಇನ್ನೂ ಒಂದು ಮೀಟರ್ ದೂರ ಹೋದರು.

ಅಷ್ಟರಲ್ಲಿ ಪೂಣಚ್ಚ ಗಾಬರಿಯಾಗಿ ಫೋನನ್ನು ಜಗಲಿಗೆ ಒಯ್ದಿದ್ದ. ದೊಡ್ಡಪ್ಪ ಪರದೆಯಲ್ಲಿ ಕಾಣಿಸಿಕೊಂಡರು. ಸಮವಸ್ತ್ರ ಕಂಡದ್ದೇ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ, "ಸುಬೇದಾರ್, ರಿಟೈರ್ಡ್. ಯುವರ್ ರ್‍ಯಾಂಕ್?" ಎಂದು ಗದರಿದರು. ಸಾರ್ಜೆಂಟ್ ತಡವರಿಸದೆ ತನ್ನ ರ್‍ಯಾಂಕ್ ಹೇಳಿ ಸೆಲ್ಯೂಟ್ ಹೊಡೆದ. ದೊಡ್ಡಪ್ಪನೂ ಹೊಡೆದರು. ನನಗೆ ಮಾತ್ರ ಒಂದು ಲಿಖಿತ ಎಚ್ಚರಿಕೆ ಸಿಕ್ಕಿತು. ಬಾಲ್ಕನಿಯಲ್ಲಿ ಕೊಡೆಯನ್ನು ಅಡ್ಡಡ್ಡವಾಗಿ ಹಿಡಿಯಕೂಡದು!

ಅವರೆಲ್ಲ ಹೋದ ಮೇಲೆ ದೊಡ್ಡಪ್ಪ ಇನ್ನೂ ಪರದೆಯಲ್ಲೇ ಇದ್ದರು. "ಸೋಮು, ಹೊಡೆದು ನೋಡ್ಲಿಲ್ಲ. ಎರಡು ಹೊಡೆದು ನೋಡ್ಬೇಕು. ಒಂದಲ್ಲ, ಎರಡು. ಬಿಸಿ ಆದ ಮೇಲೆ ಬೋಲ್ಟು ಬರ್ತದಾ ನೋಡ್ಬೇಕು."

ಶಾಲಿನಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಇನ್ನೊಂದು ಸಲ ಈ ಮನೆಯಲ್ಲಿ ಕೋವಿ, ಗುಂಡು ಅಂತ ಕೇಳಿದ್ರೆ ನಾನೇ ಪೊಲೀಸ್ರನ್ನ ಕರೀತೇನೆ. ಗೊತ್ತಾಯ್ತಲ್ಲ?"

"ತೋಟಾ ಅಂಗಡಿ ಮುಚ್ಚಿದೆ ದೊಡ್ಡಪ್ಪ. ಇರೋದನ್ನ ಯಾಕೆ ದಂಡ ಮಾಡೋದು? ಬೋಲ್ಟು ಜಾರ್ತಾ ಇದೆಯಲ್ಲ, ಇನ್ನೆಂತ ಟೆಸ್ಟು? ಇಷ್ಯೂ ರಿಸಾಲ್ವ್ಡ್!" ಎಂದು ಹೇಳಿ ಫೋನಿಟ್ಟೆ. ನನ್ನ ಕೆಲಸದಲ್ಲಿ ಈ ಮಾತು ಹೇಳಿದ ಮೇಲೆ ಗಿರಾಕಿ ಮತ್ತೆ ಬಾಯಿ ತೆರೆಯುವ ಹಾಗಿಲ್ಲ. ದೊಡ್ಡಪ್ಪನೂ ಮತ್ತೆ ಆ ವಿಷಯ ಎತ್ತಲಿಲ್ಲ. ನನ್ನನ್ನು ನಂಬಿದರು, ಪಾಪ.

ಕೈಲ್ ಮುಹೂರ್ತದ ದಿನ ರೈಫಲನ್ನು ಹೂವಿಟ್ಟು ಕತ್ತಿಗಳ ಸಾಲಿನಲ್ಲಿ ನಿಲ್ಲಿಸಿ ಪೂಜೆ ಮಾಡಿದ ಫೋಟೋ ಬಂತು. ನಾನು ಅದನ್ನು ಆಫೀಸಿನವರಿಗೆಲ್ಲ ಕಳಿಸಿ, ಇದನ್ನೂ ರಿಮೋಟಾಗಿಯೇ ರಿಪೇರಿ ಮಾಡಿದೆ ಎಂದು ಬರೆದೆ.

ಮುಂದಿನ ವರ್ಷ ಮೇ ತಿಂಗಳು. ಆ ತಿಂಗಳನ್ನು ನೆನಪಿಸಬೇಕಾದ ಅಗತ್ಯ ಯಾರಿಗೂ ಇಲ್ಲ. ಊರಿನಲ್ಲಿ ದಿನ ಬೆಳಗಾದರೆ ಒಂದಲ್ಲ ಒಂದು ಕಡೆಯಿಂದ ಜೋಡಿ ಗುಂಡು ಕೇಳಿಸುತ್ತಿದೆ ಎಂದು ಪೂಣಚ್ಚ ಹೇಳುತ್ತಿದ್ದ. ಇಲ್ಲಿ ನಮಗೂ ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ವಿಮಾನವಿಲ್ಲ, ಹೋದರೂ ವಾಪಸು ಬಿಡುವುದಿಲ್ಲ, ಬಿಟ್ಟರೂ ಕ್ವಾರಂಟೈನು. ದೊಡ್ಡಪ್ಪನಿಗೆ ಜ್ವರ ಎಂದು ಸೋಮವಾರ ಗೊತ್ತಾಯಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ. ಶನಿವಾರ ಬೆಳಿಗ್ಗೆ ಅವರು ತೀರಿಕೊಂಡರು.

ಪೂಣಚ್ಚ ಬೇಲಿಗೆ ಫೋನು ಸಿಕ್ಕಿಸಿ ಕಾಲ್ ಮಾಡಿದ. ನಾನು ಅದೇ ಬಾಲ್ಕನಿಯಲ್ಲಿ ನಿಂತೆ. ಮನೆಗೆ ಕೆಂಪು ಪಟ್ಟಿ ಕಟ್ಟಿದ್ದರು. ಅವನ ಹೆಂಡತಿಯೂ ಜ್ವರದಲ್ಲಿ ಒಳಗೆ ಮಲಗಿದ್ದಳು. ನೆಂಟರಿಲ್ಲ, ಊರವರಿಲ್ಲ, ವಾಲಗವಿಲ್ಲ. ಬಿಳಿ ಪ್ಲಾಸ್ಟಿಕ್ ಅಂಗಿ ತೊಟ್ಟ ಇಬ್ಬರು ದೊಡ್ಡಪ್ಪನನ್ನು ಕಟ್ಟಿ, ಆಂಬುಲೆನ್ಸಿನ ಬಾಗಿಲು ತೆರೆದು ನಿಂತಿದ್ದರು. ಇಷ್ಟು ದೊಡ್ಡ ಮನುಷ್ಯನಿಗೆ ಉಳಿದದ್ದು ಆ ಎರಡು ಗುಂಡು ಮಾತ್ರ.

ಪೂಣಚ್ಚ ರೈಫಲನ್ನು ಹೆಗಲಿಗೇರಿಸಿ ಆಕಾಶಕ್ಕೆ ಹೊಡೆದ. ಢಂ!

ಆಮೇಲೆ ಬೋಲ್ಟು ಎಳೆದ. ಬರಲಿಲ್ಲ. ಮತ್ತೆ ಎಳೆದ. ಬರಲಿಲ್ಲ.

"ಸೋಮು, ಹಿಡ್ಕೊಂಡಿದೆ!"

ಇಲ್ಲಿಂದ ನಾನು ಶುರು ಮಾಡಿದೆ. ನನಗೆ ಬರುವುದು ಅದೊಂದೇ ತಾನೆ? "ನಿಧಾನ ಎಳಿ. ಈಗ ಜೋರಾಗಿ ಎಳಿ. ಮರದ ತುಂಡಲ್ಲಿ ಹೊಡಿ. ಬಿಸಿನೀರು ಹಾಕು. ಬೇಡ, ತಣ್ಣೀರು ಹಾಕು!" ಪೂಣಚ್ಚ ರೈಫಲನ್ನು ಕಟ್ಟೆಗೆ ಒರಗಿಸಿ ಬೋಲ್ಟಿನ ಹಿಡಿಯನ್ನು ಕಾಲಿನಿಂದ ತುಳಿದ. ಅಳುತ್ತಾ ತುಳಿದ. ಬಿಳಿ ಅಂಗಿಯವರಲ್ಲಿ ಒಬ್ಬ, "ಸಾರ್, ಇನ್ನೂ ನಾಲ್ಕು ಮನೆಗೆ ಹೋಗ್ಲಿಕ್ಕುಂಟು" ಎಂದ. ಮರ್ಯಾದೆಯ ಹುಡುಗ, ಎರಡು ಸಲ ಕೇಳಿದ, ಮೂರನೆಯ ಸಲ ಕೇಳಲಿಲ್ಲ. ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಪೂಣಚ್ಚ ಬೋಲ್ಟು ಸಿಕ್ಕಿಕೊಂಡ ರೈಫಲನ್ನು ಹಿಡಿದುಕೊಂಡೇ ಅದರ ಹಿಂದೆ ಕೆಂಪು ಪಟ್ಟಿಯವರೆಗೆ ಓಡಿದ. ನಾನು ಬಾಲ್ಕನಿಯಲ್ಲಿ ನಿಂತು ಇನ್ನೂ ಸಲಹೆ ಕೊಡುತ್ತಲೇ ಇದ್ದೆ.

ಎರಡನೆಯ ಗುಂಡು ಆಗಲಿಲ್ಲ.

ಫೋನಿಟ್ಟು ಕೂತೆ. ಶಾಲಿನಿ ಪಕ್ಕದಲ್ಲಿ ಬಂದು ಕೂತಳು. ಆಗ ನನ್ನ ಫೋನು ಟಿಣ್ ಎಂದಿತು. ನಮ್ಮ ಊರಿನ ವಾಟ್ಸ್ಯಾಪ್ ಗುಂಪು. "ಒಂದು ಗುಂಡು ಕೇಳ್ತು! ಸುಬೇದಾರ್ ಮನೆಯಲ್ಲಿ ಗಂಡು ಮಗುವಾ? ಕಂಗ್ರಾಜುಲೇಶನ್ಸ್!"

ಟಿಣ್. ನೀಲಿ ಬಲೂನುಗಳು. ಟಿಣ್. ತೊಟ್ಟಿಲಿನ ಚಿತ್ರ. ಟಿಣ್. "ಇಂಥ ಕಾಲದಲ್ಲೂ ಒಂದು ಒಳ್ಳೆ ಸುದ್ದಿ! ತಾತನಿಗೆ ನಮ್ಮ ಪರವಾಗಿ ಸಿಹಿ ತಿನ್ನಿಸಿ!" ಯಾರಿಗೂ ಮನೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಅವರಿಗೆ ಗೊತ್ತಿದ್ದುದು ಕಿವಿಗೆ ಬಿದ್ದಷ್ಟೇ. ಕಿವಿಗೆ ಬಿದ್ದದ್ದು ಒಂದು. ನನಗೆ ಅಳು ಬರಬೇಕಿತ್ತು. ಅದಕ್ಕಿಂತ ಮೊದಲು ನಾಚಿಕೆ ಬಂತು.

ಪೂಣಚ್ಚನ ಪಕ್ಕದ ಮನೆಯಲ್ಲಿ ಮುತ್ತವ್ವ ಎಂಬ ಮುದುಕಿ ಇದ್ದಾರೆ. ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು. ಅವರು ಒಂದು ಗುಂಡು ಕೇಳಿದ್ದೇ ಪಾಯಸ ಮಾಡಿ, ಮುಚ್ಚಿದ ಪಾತ್ರೆಯಲ್ಲಿ ತಂದು, ಕೆಂಪು ಪಟ್ಟಿಯ ಹೊರಗಿಟ್ಟು ಹೋಗಿದ್ದರು. ಸಂಜೆ ಅವರಿಗೆ ವಿಷಯ ತಿಳಿಯಿತು. ಪೂಣಚ್ಚ ಬೇಲಿಯ ಈಚೆಯಿಂದ ಕೈಮುಗಿದನಂತೆ. ಅವರು ಕೋಪಿಸಿಕೊಳ್ಳಲಿಲ್ಲವಂತೆ. "ಒಂದು ತಿಂಗಳಿಂದ ಎರಡೆರಡೇ ಕೇಳಿ ಕೇಳಿ ಸಾಕಾಗಿತ್ತು ಮಗ. ಇವತ್ತು ಒಂದು ಕೇಳ್ತಲ್ಲ ಅಂತ ಮಧ್ಯಾಹ್ನದವರೆಗೆ ನಂಗೆಷ್ಟು ಸಂತೋಷ ಆಗಿತ್ತು" ಎಂದರಂತೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ರಾತ್ರಿ ನಾನು ಇಂಟರ್ನೆಟ್ಟಿನ ಆ ಪುಟದ ಕೆಳಗಿನ ಅರ್ಧ ಓದಿದೆ. ಅಡುಗೆ ಎಣ್ಣೆಯನ್ನು ಯಾವ ಕಾರಣಕ್ಕೂ ಬಳಸಬೇಡಿ ಎಂದಿತ್ತು. ಅದು ಕಾಲಕ್ರಮೇಣ ಮೇಣದ ಹಾಗೆ ಅಂಟಾಗುತ್ತದೆ, ಗುಂಡಿನ ಬಿಸಿ ತಾಗಿದರೆ ಖಾಲಿ ತೋಟಾವನ್ನು ಕಚ್ಚಿ ಹಿಡಿಯುತ್ತದೆ, ಆದ್ದರಿಂದ ತೋಟಾ ಕೂರುವ ಜಾಗವನ್ನು ಚೆನ್ನಾಗಿ ಒರೆಸಿ ಒಣಗಿಸಿ, ಎರಡು ಗುಂಡು ಹೊಡೆದು ಪರೀಕ್ಷಿಸಿ ಎಂದಿತ್ತು. ಬ್ಯಾಕ್‌ಗ್ರೌಂಡ್ ನಾಯ್ಸ್ ಹೇಳಿದ್ದೂ ಇದನ್ನೇ.

ವರ್ಷದ ಕೊನೆಗೆ ಮೇಸ್ತ್ರಿ ಮೈಸೂರಿನಿಂದ ಮರಳಿದ. ಬೋಲ್ಟು ಬಿಡಿಸಿ, ಕಂದು ಮೇಣವನ್ನು ಕೆರೆದು ತೆಗೆದು, "ಇದರಲ್ಲಿ ಯಾರು ವಡೆ ಕರಿದದ್ದು?" ಎಂದು ಕೇಳಿದನಂತೆ. ಪೂಣಚ್ಚ ನನ್ನ ಹೆಸರು ಹೇಳಲಿಲ್ಲ. ಆ ಮಟ್ಟಿಗೆ ಅವನು ದೊಡ್ಡವನು.

ಇಲ್ಲಿನ ಗಡಿ ಇನ್ನೂ ತೆರೆದಿರಲಿಲ್ಲ. ನಾನು ಹೋಗುವ ಹಾಗಿರಲಿಲ್ಲ. ಆದರೆ ತಲೆಯಲ್ಲಿ ಆ ಬಾಕಿ ಗುಂಡು ಕೂತುಬಿಟ್ಟಿತ್ತು. ಒಂದು ಭಾನುವಾರ ಪೂಣಚ್ಚನಿಗೆ ಕಾಲ್ ಮಾಡಿ, "ದೊಡ್ಡಪ್ಪನ ಎರಡನೆಯದನ್ನ ಇವತ್ತೇ ಹೊಡೆದುಬಿಡು. ಮಾತು ಕೊಟ್ಟಿದ್ದೇನೆ" ಎಂದೆ.

"ಒಂದಾ, ಎರಡಾ?" ಎಂದು ಕೇಳಿದ ಅವನು.

"ಒಂದು ಆಗಲೇ ಆಗಿದೆಯಲ್ಲ. ಬಾಕಿ ಒಂದೇ. ಈಗ ಎರಡು ಹೊಡೆದ್ರೆ ಒಟ್ಟು ಮೂರಾಗ್ತದೆ" ಎಂದು ಲೆಕ್ಕ ಬಿಡಿಸಿ ಹೇಳಿದೆ. ನನ್ನ ಲೆಕ್ಕ ಯಾವತ್ತೂ ಸರಿಯೇ ಇರುತ್ತದೆ.

ಅವನು ಅಂಗಳದಲ್ಲಿ ನಿಂತ. ನಾನು ಬಾಲ್ಕನಿಯಲ್ಲಿ ನೆಟ್ಟಗೆ ನಿಂತೆ. ಕೊಡೆ ಹಿಡಿಯಲಿಲ್ಲ. ಎದುರು ಬ್ಲಾಕಿನ ಅಡುಗೆಮನೆಯಲ್ಲಿ ಪರಮೇಶ್ವರಿ ಆಂಟಿ ಪರದೆ ಸರಿಸಿ ಒಮ್ಮೆ ನೋಡಿದರು. ನನ್ನ ಮುಖದಲ್ಲಿ ಏನು ಕಂಡರೋ, ತಾವೂ ಕೈಕಟ್ಟಿ ಸುಮ್ಮನೆ ನಿಂತರು. ಢಂ! ಪೂಣಚ್ಚ ಹೆಗಲಿನಿಂದ ಇಳಿಸದೆಯೇ ಬೋಲ್ಟು ಎಳೆದ. ಬಂತು! ಹಿತ್ತಾಳೆ ಕೊಳವೆ ಹಾರಿ ಕಲ್ಲಿನ ಮೇಲೆ ಟಣ್ಣನೆ ಬಿತ್ತು. ಅವನು ಅತ್ತ. ನಾನೂ ಅತ್ತೆ. ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಯಿತು. ದೊಡ್ಡಪ್ಪ, ನಿಮ್ಮ ಎರಡೂ ಆಯಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಅಷ್ಟರಲ್ಲಿ ಪೂಣಚ್ಚನ ಮನೆಯೊಳಗೆ ಹಳೆಯ ಲ್ಯಾಂಡ್‌ಲೈನು ಬಡಿದುಕೊಂಡಿತು. ಅವನು ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಅದನ್ನು ಎತ್ತಿದ. ಮುತ್ತವ್ವನ ದನಿ ಸೈಬರ್‌ಜಯಾದವರೆಗೆ ಕೇಳಿಸಿತು.

"ಪೂಣಚ್ಚಾ! ಒಂದೇ ಕೇಳ್ತು! ಈ ಸಲ ನಿಜಕ್ಕೂ ಗಂಡಾ?"

ಪೂಣಚ್ಚ ಪರದೆಯಲ್ಲಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಊರಿನ ಕಿವಿಗೆ ಬಿದ್ದ ಗುಂಡಿನ ಲೆಕ್ಕದ ಪ್ರಕಾರ ಆ ಮನೆಯಲ್ಲಿ ಒಂದೇ ವರ್ಷದಲ್ಲಿ ಎರಡು ಗಂಡು ಮಕ್ಕಳು ಹುಟ್ಟಿದ್ದವು. ದೊಡ್ಡಪ್ಪ ಇನ್ನೂ ಸತ್ತೇ ಇರಲಿಲ್ಲ!

"ಏನು ಹೇಳ್ಲಿ?" ಎಂದು ಅವನು ಪಿಸುಗುಟ್ಟಿದ. ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಮೊದಲ ಸಲ ನನ್ನ ಹತ್ತಿರ ಸಲಹೆ ಇರಲಿಲ್ಲ.

"ಹೇಳೋ, ಗಂಡು ತಾನೇ?" ಎಂದು ಮುತ್ತವ್ವ ಮತ್ತೆ ಕೂಗಿದರು.

"ಹೌದವ್ವಾ, ಗಂಡೇ" ಎಂದ ಪೂಣಚ್ಚ, ನನ್ನನ್ನೇ ನೋಡುತ್ತಾ. "ಐವತ್ತು ವರ್ಷದ್ದು. ಮಲೇಷಿಯಾದಲ್ಲುಂಟು. ಇನ್ನೂ ಬುದ್ಧಿ ಬರ್ಲಿಲ್ಲ."

"ಬರ್ತದೆ ಬಿಡು. ಪಾಯಸಕ್ಕೆ ಇಡ್ತೇನೆ" ಎಂದರು ಮುತ್ತವ್ವ.